ಕೇಳಿ ನೋಡಬೇಕು

ಮೊನ್ನೆ ತುಮಕೂರಿನ ಸದಾಶಿವನಗರದ ನಮ್ಮ ಮನೆ ಗೇಟಿಗೆ ಬಣ್ಣ ಹೊಡೆಸುತ್ತಿದ್ದೆ. ಟರ್ಪೆಂಟೈನ್ ವಾಸನೆ ನಡುಮನೆಯವರೆಗೂ ಬಂತು. ಓದುತ್ತಿದ್ದ ಪೇಪರ್ ಮಡಚಿಟ್ಟೆ. ಕುಣಿಗಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪೇಂಟರ್ ಭಾಯಿಯ ಅಂಗಿಯೆಲ್ಲ ಇದೇ ವಾಸನೆ...

ಆಗ ನಾನು ಅಲ್ಲಿ ಕನ್ನಡ ಮೇಷ್ಟ್ರು. ಊರಿನ ಅರ್ಧ ಅಂಗಡಿಗಳ ಬೋರ್ಡು ಭಾಯಿ ಬರೆದದ್ದು. ಅಂಥ ದುಂಡಕ್ಷರ ನನ್ನ ಕೈಗೆ ಇವತ್ತಿಗೂ ಬಂದಿಲ್ಲ. ಹೊರಗಿನಿಂದ ಊರು ನೋಡಲು ಬರುವವರಿಗೆಂದು ಕೆರೆ ಏರಿಯ ಮೇಲೆ ಒಂದು ಬೋರ್ಡ್ ನಿಲ್ಲಿಸೋಣ ಎಂದು ನಾವು ನಾಲ್ಕು ಜನ ಸೇರಿ ತೀರ್ಮಾನಿಸಿದೆವು. ಬರವಣಿಗೆ ನನ್ನದು, ಬಣ್ಣ ಭಾಯಿಯದು. ದೊಡ್ಡ ಕೆರೆ, ಕುದುರೆ ಫಾರಂ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಡ್ಯಾಮು, ಎಲ್ಲ ಬರೆದೆ. ಶಿವ ಕುಣಿದ ಕಲ್ಲಿನಿಂದ ಊರಿಗೆ ಈ ಹೆಸರು ಬಂತು ಎಂದು ಬರೆಯುವಾಗ ಅನುಮಾನವಾಗಿ, ನನ್ನ ಗುರುತಿಗೆಂದು ಪಕ್ಕದಲ್ಲಿ 'ಕೇಳಿ ನೋಡಬೇಕು' ಅಂತ ಗೀಚಿಕೊಂಡೆ. ಆಮೇಲೆ ಯಾರನ್ನೂ ಕೇಳಲಿಲ್ಲ, ಹೊಡೆದೂ ಹಾಕಲಿಲ್ಲ. ಹಾಗೇ ಹಾಳೆ ಕೊಟ್ಟುಬಿಟ್ಟೆ.

ಬೋರ್ಡಿನ ಬಟ್ಟೆ ಸರಿಸಿದಾಗ ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಶಿವ ಕುಣಿದ ಕಲ್ಲು, ಕೇಳಿ ನೋಡಬೇಕು... ಚೆಂದದ ಕೆಂಪಕ್ಷರದಲ್ಲಿ. ತಪ್ಪು ನನ್ನದೆಂದು ಆಗಲೇ ಗೊತ್ತಾಗಿತ್ತು. ಮಾನ ಉಳಿಸಿಕೊಳ್ಳಲು, ಕ್ಲಾಸಿನಲ್ಲಿ ಹುಡುಗರನ್ನು ಕೇಳುವ ಧ್ವನಿಯಲ್ಲಿ ಕೇಳಿದೆ: "ಏನ್ ಭಾಯಿ, ಓದಕ್ಕೇ ಬರಲ್ವಾ ನಿಮಗೆ?"

"ಬರಲ್ಲ ಮೇಷ್ಟ್ರೇ. ಉರ್ದು ಓದ್ತೀನಿ. ಕನ್ನಡ ಕೈಗೆ ಬರುತ್ತೆ, ಅಷ್ಟೇ. ನೀವು ಬರ್ದಿದ್ರಲ್ಲಿ ಒಂದಕ್ಷರಾನೂ ಬಿಟ್ಟಿಲ್ಲ."

ಅಲ್ಲಿಯವರೆಗೆ ಅದು ಯಾರಿಗೂ ಗೊತ್ತಿರಲಿಲ್ಲ. ಭಾಯಿ ಆ ಎರಡು ಪದಗಳ ಮೇಲೆ ಬಿಳಿ ಬಣ್ಣ ಬಳಿದು, ಏಣಿ ಹೊತ್ತು ಹೋದರು. ಮುಂದೆ ಅಂಗಡಿಯವರು ಬೋರ್ಡ್ ಬರೆಯಲು ಅವರನ್ನು ಕರೆಯಲಿಲ್ಲ. ಭಾಯಿ ಕಿಟಕಿ, ಗ್ರಿಲ್ಲುಗಳಿಗೆ ಬಣ್ಣ ಹೊಡೆದುಕೊಂಡಿದ್ದರು. ಎದುರಾದಾಗಲೆಲ್ಲ ಊಟ ಆಯ್ತಾ ಎಂದು ಅವರೇ ಮೊದಲು ಕೇಳುತ್ತಿದ್ದರು. ಆಯ್ತು ಅನ್ನುತ್ತಿದ್ದೆ. ತಪ್ಪಾಯ್ತು ಎಂದು ಕ್ಷಮೆ ಕೇಳುವುದಕ್ಕೂ ಅಷ್ಟೇ ಹೊತ್ತು ಸಾಕಿತ್ತು... ನನಗೆ ತುಮಕೂರಿಗೆ ವರ್ಗವಾಯಿತು. ಅವರು ತೀರಿಕೊಂಡದ್ದು ಎಷ್ಟೋ ತಿಂಗಳ ಮೇಲೆ ತಿಳಿಯಿತು. ಅಳು ಬರಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ನಿನ್ನೆ ಬಸ್ ಹತ್ತಿ ಕುಣಿಗಲ್‌ಗೆ ಹೋಗಿದ್ದೆ. ಬೋರ್ಡ್ ಇನ್ನೂ ಇದೆ. ಬಿಳಿ ಬಣ್ಣ ಚಕ್ಕೆಯೆದ್ದು, ಕೆಳಗಿನ ಕೆಂಪಕ್ಷರ ಮತ್ತೆ ಕಾಣುತ್ತಿದೆ. ಕೆರೆ ನೋಡಲು ಬಂದಿದ್ದ ಹುಡುಗಿಯೊಬ್ಬಳು ಅದನ್ನು ಓದಿ ನನ್ನತ್ತ ತಿರುಗಿದಳು.

"ಯಾರನ್ನ ಕೇಳ್ಬೇಕಂತೆ ಅಂಕಲ್?"

"ಒಬ್ರಿದ್ರಮ್ಮ," ಅಂದೆ. "ನಾನೇ ಕೇಳ್ಲಿಲ್ಲ."