ದಡ್ಡರ ವಂಶ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ರಕ್ತ, ಕೀವು ಮೆತ್ತಿದ ಬೆಡ್‌ಶೀಟುಗಳನ್ನು ಬೇರ್ಪಡಿಸಿ ಮೆಷಿನ್ನಿಗೆ ತುಂಬುವುದು ಇಪ್ಪತ್ತೆರಡು ವರ್ಷಗಳ ಕೆಲಸ. ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಎಂದು ನೋಡಿದೊಡನೆ ಹೇಳುತ್ತಿದ್ದಳು. ಆದರೂ ತಾನು ದಡ್ಡಿ ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂರನೇ ತರಗತಿಯಲ್ಲಿ ಮೇಷ್ಟ್ರು ಆಕೆಯ ಸ್ಲೇಟನ್ನು ಎತ್ತಿ ತೋರಿಸಿ, "ಇವಳ ತಲೇಲಿ ಬರೀ ಮಣ್ಣು" ಎಂದಿದ್ದರು. ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು. ಮರುವಾರವೇ ಅಪ್ಪ ಶಾಲೆ ಬಿಡಿಸಿದ.

ಶಾಲೆಗೆ ಹೋಗುತ್ತಿದ್ದ ಮಗಳು ಒಂದು ಸಂಜೆ ಭಿನ್ನರಾಶಿ ಲೆಕ್ಕ ಬಾರದೆ ಅಳುತ್ತ ಕೂತಾಗ ದೊಡ್ಡಕ್ಕ ತಲೆ ನೇವರಿಸಿ, ಪ್ರೀತಿಯಿಂದಲೇ ಹೇಳಿದಳು: "ಬಿಡು ಕಂದಾ. ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ. ಯಾಕೆ ಸುಮ್ನೆ ಒದ್ದಾಡ್ತೀಯ?"

ಹುಡುಗಿ ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಿದಳು. ಆಮೇಲೆ ಅವಳು ಲೆಕ್ಕಕ್ಕಾಗಿ ಅಳಲಿಲ್ಲ. ಕೂತು ಮಾಡಲೂ ಇಲ್ಲ. ಎರಡು ಸಲ ಫೇಲಾಗಿ, ಹದಿನೆಂಟಕ್ಕೆ ತಾಯಿಯ ಪಕ್ಕದಲ್ಲೇ ಬಟ್ಟೆ ಮಡಿಸಲು ನಿಂತಳು.

ಮುಂದೆ ಕೆಲವೇ ವರ್ಷಗಳಲ್ಲಿ ಹಳೆಯ ಮೆಷಿನ್ನುಗಳು ಹೋಗಿ, ತುಂಬ ಗುಂಡಿಗಳಿರುವ ಹೊಸವು ಬಂದವು. ತಿಂಗಳೊಳಗೆ ಕಲಿಯದವರಿಗೆ ಕೆಲಸವಿಲ್ಲ ಎಂದರು ಮೇಲಿನವರು.

"ನನ್ನ ತಲೆಗೆ ಇದೆಲ್ಲ ಹೋಗಲ್ಲ ಸಾರ್," ಎಂದಳು ದೊಡ್ಡಕ್ಕ, ಕಲಿಸಲು ಬಂದ ಮುದಿ ಮೆಕ್ಯಾನಿಕ್ಕಿಗೆ.

"ನಂಗೂ ಒಂದೇ ದಿನಕ್ಕೆ ಹೋಗ್ಲಿಲ್ಲಮ್ಮ. ಒತ್ತಿ ನೋಡಿ. ತಪ್ಪಾದ್ರೆ ಮತ್ತೆ ಒತ್ತಿ."

ಮೊದಲ ದಿನ ನೆಲವೆಲ್ಲ ನೊರೆಯಾಯಿತು. ನಾಲ್ಕನೇ ದಿನ ಒಂದು ರಾಶಿ ಕಂಬಳಿ ಕುಗ್ಗಿ ಹಾಳಾಯಿತು. ಬೈಸಿಕೊಂಡಳು, ಮತ್ತೆ ಒತ್ತಿದಳು. ಮೂರನೇ ವಾರದಲ್ಲಿ, ಮೆಷಿನ್ನು ಮುಕ್ಕಾಲು ತುಂಬಿದರೆ ಸೋಪು ಮುಕ್ಕಾಲು ಅಳತೆ, ಅದರರ್ಧ ತುಂಬಿದರೆ ಸೋಪೂ ಅದರರ್ಧ ಎಂದು ಬಾಯಲ್ಲೇ ಹೇಳತೊಡಗಿದಳು.

"ಇದೇ ಭಿನ್ನರಾಶಿ ಕಣಮ್ಮ," ಎಂದು ಮುದುಕ ನಕ್ಕ.

ದೊಡ್ಡಕ್ಕನಿಗೆ ನಗು ಬರಲಿಲ್ಲ. ಕೈಲಿದ್ದ ಕೊಳೆ ಬಟ್ಟೆಯ ಗಂಟನ್ನು ಕೆಳಗಿಟ್ಟಳು. ಆಮೇಲೆ ಮಗಳ ಬಳಿ ಓಡಿದಳು.

"ಬಾರೇ, ಹೇಳಿಕೊಡ್ತೀನಿ. ನಾನು ಅವತ್ತು ಹೇಳಿದ್ದು ತಪ್ಪು ಕಣೇ. ಕಷ್ಟಪಟ್ರೆ ಬರುತ್ತೆ."

ಮಗಳು ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿಂಗೆ ಬಂತು, ಒಳ್ಳೇದಾಯ್ತು. ನನ್ನ ಕೈಲಾಗಲ್ಲಮ್ಮ."

ದಿನವೂ ಕರೆದಳು. ಗದರಿದಳು, ಕೈ ಹಿಡಿದು ಎಳೆದಳು. ಮಗಳು ಒಮ್ಮೆ ಗುಂಡಿ ಒತ್ತಿದಳು. ತಪ್ಪಿನ ಕೆಂಪು ದೀಪ ಹತ್ತಿದೊಡನೆ ಕೈ ಹಿಂದಕ್ಕೆಳೆದುಕೊಂಡಳು.

ತಿಂಗಳ ಕೊನೆಗೆ ಮಗಳನ್ನು ಕೆಲಸದಿಂದ ತೆಗೆದರು. ಅವಳು ಮೇಲಂಗಿ ಬಿಚ್ಚಿಟ್ಟು ಹೊರಟಳು. ದೊಡ್ಡಕ್ಕ ಬಾಗಿಲವರೆಗೆ ಹಿಂದೆಯೇ ಹೋದಳು. ಒಳಗೆ ಒಗೆತ ಮುಗಿಸಿದ ಮೆಷಿನ್ನು ಕೂಗಿತು. ತಿರುಗಿ ಬಂದು ಬಟ್ಟೆ ಇಳಿಸತೊಡಗಿದಳು.