ನನ್ನ ಹೆಸರಿನ ಎರಡು ಸೀಟಿನ ಕಾರು

ನನ್ನ ಹೆಸರಿನಲ್ಲಿ ಇದ್ದ ಮೊದಲ ಆಸ್ತಿ ಒಂದು ಕಾರು. ಎರಡೇ ಸೀಟು, ಮೇಲೆ ಕ್ಯಾನ್ವಾಸಿನ ಟಾಪು, ಸೈಕಲ್ಲಿನ ಹಾಗೆ ಕಡ್ಡಿ ಹಾಕಿದ ಚಕ್ರಗಳು, ಉದ್ದ ಮೂತಿ. ಯುದ್ಧಕ್ಕೆ ಮೊದಲೇ ವಿಲಾಯಿತಿಯಲ್ಲಿ ಮಾಡಿದ, ಓಟದ ಪಂದ್ಯಕ್ಕೆಂದೇ ಹುಟ್ಟಿದ ಕಾರು ಅದು ಎಂದು ಅಪ್ಪ ಹೇಳುತ್ತಿದ್ದ.

ಗುಂಡ್ಲುಪೇಟೆಯಲ್ಲಿ ಅಪ್ಪನಿಗೆ ಎರಡು ಲಾರಿಗಳಿದ್ದವು. ಕೇರಳದ ದಾರಿಯಲ್ಲಿರುವ ಮದ್ದೂರಿನ ಕಾಡಿನಿಂದ ಬಿದಿರು, ಮರ ತುಂಬಿಕೊಂಡು ಮೈಸೂರಿಗೆ ಹೋಗುವುದು ಅವುಗಳ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ನೀಲಗಿರಿಯ ಟೀ ತೋಟಗಳ ಬಿಳಿಯರು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟರು. ಅಂಥ ಒಬ್ಬರ ಸಾಮಾನುಗಳನ್ನು ಅಪ್ಪ ಲಾರಿಯಲ್ಲಿ ಮೈಸೂರಿನ ರೈಲಿಗೆ ತಲುಪಿಸಿದ. ಆ ದೊರೆ ಬಿಟ್ಟುಹೋದ ಕಾರನ್ನು ತಾನೇ ಕೊಂಡು, ಘಾಟಿ ಇಳಿಸಿಕೊಂಡು ಬಂದ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಅಪ್ಪನಿಗೆ ಇದ್ದವಳು ನಾನೊಬ್ಬಳು. ಗಂಡುಮಗನಿಗೆ ಕಲಿಸಬಹುದಾಗಿದ್ದನ್ನೆಲ್ಲ ನನಗೆ ಕಲಿಸಿದ. ತೆರಕಣಾಂಬಿಯ ದಾರಿಯಲ್ಲಿ ಬೆಳಗಿನ ಹೊತ್ತು ನನ್ನ ಕೈಗೆ ಸ್ಟೇರಿಂಗ್ ಕೊಟ್ಟು, ತಾನು ಪಕ್ಕದಲ್ಲಿ ಕಾಲು ಮಡಿಸಿಕೊಂಡು ಕೂರುತ್ತಿದ್ದ.

"ಕ್ಲಚ್ ಮೇಲಿಂದ ಕಾಲ ಮೆಲ್ಗ ತಗಿ ಕಣಮ್ಮಿ. ಎಮ್ಮೆ ಬಾಲ ತುಳ್ದಂಗ ತುಳೀಬ್ಯಾಡ."

ಓಡಿಸುವುದಕ್ಕಿಂತ ಅದನ್ನು ನೋಡಿಕೊಳ್ಳುವುದು ದೊಡ್ಡ ಕೆಲಸವಾಗಿತ್ತು. ಆ ಇಂಜಿನ್ನಿಗೆ ಎರಡು ಕಾರ್ಬುರೇಟರ್. ಎರಡೂ ಒಂದೇ ಸಮ ಉಸಿರಾಡದಿದ್ದರೆ ಗಾಡಿ ಕೆಮ್ಮುತ್ತಿತ್ತು. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಎರಡರ ಸದ್ದೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು. ಪೆಟ್ರೋಲ್ ಪಂಪು ಕರೆಂಟಿನದು. ಚಾವಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಎನ್ನಬೇಕು. ಅನ್ನಲಿಲ್ಲವೆಂದರೆ ಒಳಗೆ ಕರೆಂಟು ಹಾಯುವ ಪಾಯಿಂಟು ಕಪ್ಪಾಗಿದೆ ಎಂದು ಅರ್ಥ. ಮುಚ್ಚಳ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಬೇಕು. ಅಪ್ಪನ ಬೆರಳುಗಳು ಅಷ್ಟು ಒಳಕ್ಕೆ ಹೋಗುತ್ತಿರಲಿಲ್ಲ, ನನ್ನವು ಹೋಗುತ್ತಿದ್ದವು.

ನನಗೆ ಹದಿನೆಂಟು ತುಂಬಿದ ವರ್ಷ ಮೈಸೂರಿಗೆ ಕರೆದುಕೊಂಡು ಹೋಗಿ ಲೈಸೆನ್ಸ್ ಮಾಡಿಸಿದ. ಕಾರನ್ನು ನನ್ನ ಹೆಸರಿಗೆ ಬರೆಸಿದ. ಮರುವರ್ಷ ಮದುವೆಯಾಯಿತು. ಕಾರೂ ನನ್ನ ಜೊತೆ ಚಾಮರಾಜನಗರಕ್ಕೆ ಬಂತು.

ನಾನು ಸೇರಿದ್ದು ಧಾನ್ಯದ ಮಂಡಿಯ ಮನೆ. ಮಾವನವರು ಹಣೆಯ ತುಂಬ ವಿಭೂತಿ ಧರಿಸಿ, ಪೂಜೆ ಮುಗಿಸಿ ಮಂಡಿಗೆ ಹೊರಟರೆಂದರೆ ಬೀದಿಯವರು ಎದ್ದು ನಿಲ್ಲುತ್ತಿದ್ದರು. ಕಾರು ಬಂದ ಮೊದಲ ದಿನ ಅದರ ಸುತ್ತ ಒಂದು ಸುತ್ತು ಬಂದು, ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು:

"ಗಾಡಿ ಚೆಂದಾಗದೆ. ಆದ್ರ ಈ ಮನೆ ಸೊಸೆ ಬೀದೀಲಿ ಕಾರು ಬುಟ್ರೆ ನಾನು ಮಂಡೀಲಿ ತಲೆ ಎತ್ಕೊಂಡು ಕೂರಕ್ಕಾಗಲ್ಲ. ಹೇಳ್ಬುಡು ಅವ್ಳಿಗೆ."

ನಾನು ಅಲ್ಲೇ ಕಂಬದ ಹಿಂದೆ ನಿಂತಿದ್ದೆ. ಆದರೂ ಅತ್ತೆ ಒಳಗೆ ಬಂದು ಅದೇ ಮಾತನ್ನು ನನಗೆ ಇನ್ನೊಂದು ಸಲ ಹೇಳಿದರು.

ನನ್ನ ಯಜಮಾನರು ಒಂದು ತಿಂಗಳಲ್ಲಿ ಓಡಿಸುವುದನ್ನು ಕಲಿತರು. ಕೆಟ್ಟ ಮನುಷ್ಯರಲ್ಲ, ಆದರೆ ಕೈ ಬಹಳ ಒರಟು. ಗೇರ್ ಹಾಕುವ ಸದ್ದು ಅಡುಗೆಮನೆಗೆ ಕೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಗಾಡಿ ಕೆಮ್ಮತೊಡಗಿದಾಗ ಊರಿನ ಲಾರಿ ಮೆಕ್ಯಾನಿಕ್ ಒಬ್ಬ ಬಂದು ಎರಡು ಕಾರ್ಬುರೇಟರ್ ನೋಡಿ, "ಇದೇನು ಬುದ್ಧಿ, ಎರಡು ಮೂಗು ಅವೆ" ಎಂದು ಒಂದನ್ನು ಬಟ್ಟೆ ತುರುಕಿ ಮುಚ್ಚಿಬಿಟ್ಟ. ಗಾಡಿ ಹೊಗೆಯುಗುಳಿ ನಿಂತಿತು. ಆ ಮಧ್ಯಾಹ್ನ, ಗಂಡಸರೆಲ್ಲ ಮಂಡಿಗೆ ಹೋದ ಮೇಲೆ, ನಾನು ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡು ಬಟ್ಟೆ ಕಿತ್ತು ಎಲ್ಲ ಸರಿಮಾಡಿದೆ. ಸಂಜೆ ಗಾಡಿ ಮಾತಿಲ್ಲದೆ ಹೊರಟಿತು. ಯಜಮಾನರು ತಿರುಗಿ ನನ್ನ ಮುಖ ನೋಡಿದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ವಾರಕ್ಕೆರಡು ಮಧ್ಯಾಹ್ನ ನಾನು ಶೆಡ್ಡಿನೊಳಗೆ. ಹೊರಗೆ ಜಗುಲಿಯ ಮೇಲೆ ಅತ್ತೆ ಅವರೆಕಾಯಿ ಬಿಡಿಸುತ್ತಾ ಕಾವಲು. ಯಾರಾದರೂ ಬಂದರೆ ಜೋರಾಗಿ ಕೆಮ್ಮುತ್ತಿದ್ದರು.

"ಬೇಗ್ನ ಮುಗ್ಸವ್ವ, ಅವ್ರು ಬರೊತ್ತಾಯ್ತು. ಸೀಗೆಪುಡಿ ಕಲ್ಸಿಟ್ಟಿವ್ನಿ, ಕೈ ತೊಳ್ಕೊ" ಎನ್ನುತ್ತಿದ್ದರು. ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟ ಬಡಿಸುವಾಗ ಬೆರಳು ಮಡಿಸಿಕೊಂಡು ಬಡಿಸುವುದನ್ನು ಕಲಿತೆ.

ಆ ಕಾರಿನ ಮೈಯೊಳಗೆ ಮರದ ಚೌಕಟ್ಟಿತ್ತು. ಎರಡನೆಯ ವರ್ಷ ಅದಕ್ಕೆ ಗೆದ್ದಲು ಹತ್ತಿತು. ತಗಡಿನ ಮೇಲೆ ಕಿವಿಯಿಟ್ಟರೆ ಒಳಗೆ ತಿನ್ನುವ ಸದ್ದು ಕೇಳುತ್ತಿತ್ತು. ಸೀಮೆಎಣ್ಣೆ ಹುಯ್ದೆ, ಬೇವಿನೆಣ್ಣೆ ಬಳಿದೆ. ಬಾಗಿಲುಗಳು ಜೋತುಬಿದ್ದವು, ಎತ್ತಿ ತಳ್ಳಿದರೆ ಮಾತ್ರ ತೆರೆಯುತ್ತಿದ್ದವು. ಕೆಲಸ ಮುಗಿದ ಮೇಲೆ ಕೆಲವು ಸಲ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದೆ. ಮೂತಿಯ ಎದುರಿಗೆ ಒಂದು ಮೊಳ ದೂರದಲ್ಲಿ ಮಣ್ಣಿನ ಗೋಡೆ. ಇಂಜಿನ್ ಸರಿಯಾಗಿದೆಯೋ ನೋಡಲು ಚಾಲೂ ಮಾಡಿದರೆ ಹೊಗೆ ತುಂಬಿ ಕಣ್ಣುರಿ. ಬಾಗಿಲು ತೆಗೆಯುವಂತಿಲ್ಲ, ಸದ್ದು ಬೀದಿಗೆ ಹೋಗುತ್ತದೆ. ಗೇರ್ ಹಾಕದೆ ಕಾಲಿನಿಂದ ಪೆಡಲನ್ನು ಒತ್ತಿ ಬಿಡುತ್ತಾ, ಗೋಡೆಯಲ್ಲಿನ ಬಿರುಕುಗಳನ್ನು ನೋಡುತ್ತಾ ಕೂತಿರುತ್ತಿದ್ದೆ. ಅಷ್ಟು ಶಕ್ತಿ ಇರುವ ಯಂತ್ರವನ್ನು ಅಷ್ಟು ಚೆನ್ನಾಗಿ ಇಟ್ಟು, ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನಲ್ಲ ಎಂದು ಅಳು ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ನಾವಿಬ್ಬರೂ ಅಪ್ಪನನ್ನು ನೋಡಲು ಗುಂಡ್ಲುಪೇಟೆಗೆ ಹೋದೆವು. ಅಪ್ಪ ಮದ್ದೂರಿನಲ್ಲಿ ಬಿದಿರು ತುಂಬಿಸುತ್ತಿದ್ದಾನೆ ಎಂದು ಗೊತ್ತಾಗಿ ಅಲ್ಲಿಗೇ ಹೊರಟೆವು. ಕಾಡಿನ ನಡುವೆ ಇಳಿಜಾರಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಅವರು ಚಾವಿ ತಿರುಗಿಸಿದರು. ಟಿಕ್ ಟಿಕ್ ಇಲ್ಲ.

"ಪಂಪು. ನಾನು ಇಳೀತೀನಿ" ಎಂದೆ.

ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. "ಅಲ್ನೋಡು."

ನಲವತ್ತು ಹೆಜ್ಜೆ ಮುಂದೆ ಬಿದಿರು ಮೆಳೆಯಿಂದ ಒಂದು ಹೆಣ್ಣಾನೆ ರಸ್ತೆಗೆ ಬಂದು ನಿಂತಿತ್ತು. ಹಿಂದೆ ಅದರ ಮರಿ. ಮೆಳೆಯೊಳಗೆ ಇನ್ನೂ ಎಷ್ಟಿದ್ದವೋ, ಬಿದಿರು ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಆನೆ ನಮ್ಮ ಕಡೆ ಸೊಂಡಿಲೆತ್ತಿ ಗಾಳಿ ಮೂಸಿತು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ! ಕ್ಯಾನ್ವಾಸಿನ ಕೆಳಗೆ ಸೆಕೆ ಕುದಿಯುತ್ತಿತ್ತು. ಕಾಲು ಚಾಚಲು ಜಾಗವಿಲ್ಲ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವಂತಿಲ್ಲ, ಕೈ ಅವರ ಹಿಡಿತದಲ್ಲಿ. ನನಗೂ ಭಯವಿತ್ತು. ಆದರೆ ಭಯಕ್ಕಿಂತ ಹೆಚ್ಚಾಗಿ, ಏನು ಕೆಟ್ಟಿದೆ ಎಂದು ಗೊತ್ತಿದ್ದೂ ಕೈಕಟ್ಟಿ ಕೂತಿರುವುದು ನನಗೆ ಹಳೆಯ ಅಭ್ಯಾಸವೆನಿಸಿತು. ಶೆಡ್ಡಿನಲ್ಲಿ ಗೋಡೆ ನೋಡುತ್ತಿದ್ದೆ, ಇಲ್ಲಿ ಆನೆ ನೋಡುತ್ತಿದ್ದೇನೆ, ಅಷ್ಟೆ.

ಕೊನೆಗೆ ಆನೆ ಮರಿಯನ್ನು ಮುಂದೆ ತಳ್ಳಿಕೊಂಡು ಆಚೆ ಬದಿಯ ಇಳಿಜಾರಿಗೆ ಇಳಿಯಿತು. ಬಿದಿರಿನ ಸದ್ದು ದೂರವಾಯಿತು. ನಾನು ಬಾಗಿಲನ್ನು ಎತ್ತಿ ತಳ್ಳಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ತೆಗೆದೆ. ಮುಚ್ಚಳ ಬಿಚ್ಚಿ ಪಾಯಿಂಟು ಉಜ್ಜಿದೆ. "ಚಾವಿ ಹಾಕಿ" ಎಂದೆ. ಟಿಕ್ ಟಿಕ್ ಎಂದಿತು. ಆಗಲೇ ತಿರುವಿನಲ್ಲಿ ಕೇರಳದ ಕಡೆಯಿಂದ ಬರುವ ಲಾರಿಯ ಸದ್ದು. ಅವರು ಧಡಕ್ಕನೆ ಇಳಿದು ಬಂದು ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು.

"ಒಳ್ಗ ಕೂತ್ಕೊ. ಓಗು, ಬೇಗ ಕೂತ್ಕೊ."

ಕೂತೆ. ಲಾರಿಯವನು ನಿಲ್ಲಿಸಿ ತಲೆ ಹೊರಹಾಕಿ ಮಲಯಾಳ ಬೆರೆತ ಕನ್ನಡದಲ್ಲಿ ಕೇಳಿದ. "ಎಂತಾ ಸಾರ್, ವಂಡಿ ಕೇಡಾಯ್ತಾ?"

"ಸಣ್ಣದು. ನಾನೇ ಸರಿ ಮಾಡ್ಬುಟ್ಟೆ" ಎಂದರು ಅವರು.

ಲಾರಿಯವನು ಅವರ ಬಿಳಿ ಅಂಗಿ ನೋಡಿದ. ಆಮೇಲೆ ನನ್ನ ಮಡಿಲಲ್ಲಿದ್ದ ಕಪ್ಪು ಕೈಗಳನ್ನು ನೋಡಿದ. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅವನು ನಕ್ಕು ಗಾಡಿ ಬಿಟ್ಟ.

ಮನೆಯಲ್ಲಿ ಅವರು ಆನೆಯ ಕಥೆಯನ್ನು ಹೇಳಿದಾಗ, ಆ ಕಥೆಯಲ್ಲಿ ಪಂಪು ಸರಿ ಮಾಡಿದವರು ಅವರೇ. ಅತ್ತೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಅಂದಿನಿಂದ ಯಜಮಾನರು ಎಲ್ಲಿಗೆ ಹೊರಟರೂ ನಾನು ಜೊತೆಗಿರಬೇಕಾಯಿತು. ಮಡಿಲಲ್ಲಿ ಟವೆಲ್ಲಿನ ಕೆಳಗೆ ಸ್ಪ್ಯಾನರುಗಳ ಚೀಲ. ಗಾಡಿ ನಿಂತರೆ, ಸುತ್ತ ಯಾರೂ ಇಲ್ಲದಿದ್ದರೆ ನಾನು ಇಳಿಯಬೇಕು. ಜನರಿದ್ದರೆ ಕೂತಲ್ಲಿಂದಲೇ ಮೆಲ್ಲಗೆ ಹೇಳಬೇಕು, ಅವರು ಹಾಗೆ ಮಾಡುತ್ತಿದ್ದರು. ಬೀದಿಯ ಹೆಂಗಸರು ನನ್ನ ಅದೃಷ್ಟಕ್ಕೆ ಕರುಬಿದರು: "ಹೆಂಡ್ತಿ ಬುಟ್ಟು ಒಂದ್ ಹೆಜ್ಜೆ ಇಡಲ್ಲ ಕಣವ್ವ ನಿನ್ ಗಂಡ." ಮೊದಲು ಶೆಡ್ಡಿನಲ್ಲಿಯಾದರೂ ನಾನು ಒಬ್ಬಳೇ ಇರುತ್ತಿದ್ದೆ.

ಹೀಗೆ ಒಂದು ವರ್ಷ ನಡೆಯಿತು. ಒಂದು ದಿನ ಸಂತೆಮರಹಳ್ಳಿಯಲ್ಲಿ, ಸಂತೆಯ ನಟ್ಟನಡುವೆ, ಗಾಡಿ ನಿಂತಿತು. ಒಂದು ಕಡೆ ದನ, ಇನ್ನೊಂದು ಕಡೆ ಮೆಣಸಿನಕಾಯಿ ರಾಶಿ, ಸುತ್ತ ಜನ. ಅವರು ಚಾವಿ ತಿರುಗಿಸಿದರು. ಸದ್ದಿಲ್ಲ. ತಲೆ ತಿರುಗಿಸದೆ, "ಏನಾಗದೆ?" ಎಂದು ಪಿಸುಗುಟ್ಟಿದರು.

ನನಗೆ ಗೊತ್ತಿತ್ತು. ಪಂಪಿನ ತಲೆಯ ಮೇಲೆ ಸ್ಪ್ಯಾನರಿನಿಂದ ಎರಡು ಸಲ ಕುಟ್ಟಿದ್ದರೆ ಸದ್ಯಕ್ಕೆ ಹೊರಡುತ್ತಿತ್ತು. ನಾನು ಹೇಳಲಿಲ್ಲ.

"ಏನಾಗದೆ ಅಂತೀನಿ?"

ನಾನು ಎದುರಿಗಿನ ಮೆಣಸಿನಕಾಯಿ ರಾಶಿ ನೋಡುತ್ತಾ ಸುಮ್ಮನೆ ಕೂತೆ. ಅವರು ಇಳಿದು ಬಾನೆಟ್ ತೆಗೆದು ಅದು ಇದು ಮುಟ್ಟಿದರು. ಮಂಡಿಗೆ ಧಾನ್ಯ ತರುವ ರೈತರೇ ಸುತ್ತ ನಿಂತು ಸಲಹೆ ಕೊಡತೊಡಗಿದರು. ಕೊನೆಗೆ ಒಬ್ಬ, "ಬುಡಿ ಬುದ್ಧಿ, ನನ್ ಎತ್ತು ಅವೆ" ಎಂದು ಹಗ್ಗ ತಂದ. ಎತ್ತುಗಳು ಕಾರನ್ನು ಸಂತೆಯ ಉದ್ದಕ್ಕೂ ಎಳೆದುಕೊಂಡು ಹೋದವು. ಜನ ಸಿಳ್ಳೆ ಹಾಕಿದರು. ಅವರು ಸ್ಟೇರಿಂಗ್ ಹಿಡಿದು ಕೂತಿದ್ದರು, ಕಿವಿ ಕೆಂಪಾಗಿತ್ತು. ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಊರಾಚೆ ಹುಣಸೆಮರದ ಕೆಳಗೆ ರೈತ ಹಗ್ಗ ಬಿಚ್ಚಿಕೊಂಡು ಹೋದ ಮೇಲೆ ಅವರು ಕೇಳಿದರು: "ನಿಂಗ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು" ಎಂದೆ.

ಆಮೇಲೆ ಇಳಿದು ಪಂಪು ಕುಟ್ಟಿದೆ. ಗಾಡಿ ಹೊರಟಿತು. ಇಪ್ಪತ್ತು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ.

ಎತ್ತಿನ ಸುದ್ದಿ ಮಾವನವರನ್ನು ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. "ಎತ್ತು ಎಳ್ಯಾ ಕಾರು ನಮ್ಮನೇಲಿ ಬ್ಯಾಡ. ಮಾರ್ಬುಡಿ. ನಾಕು ಬಾಗ್ಲಿಂದು ತಕ್ಕೊಳನ" ಎಂದರು. ಗಿರಾಕಿಯೂ ಸಿಕ್ಕಿದ, ವೈನಾಡಿನ ಕಾಫಿ ಎಸ್ಟೇಟಿನ ಒಬ್ಬ ಯುವಕ, ಗುಂಡ್ಲುಪೇಟೆಗೆ ಬಂದು ತೆಗೆದುಕೊಂಡು ಹೋಗುತ್ತೇನೆಂದ. ಆಗ ಎಲ್ಲರಿಗೂ ನೆನಪಾಯಿತು, ಕಾಗದದಲ್ಲಿ ಇರುವುದು ನನ್ನ ಹೆಸರು. ನನ್ನ ಸಹಿ ಬೇಕು.

ಅಪ್ಪನಿಗೆ ಹೇಳಿ ಕಳಿಸಿದೆ. ಬಂದು ಜಗುಲಿಯ ಮೇಲೆ ಕೂತು, "ನಿನ್ ವಸ್ತು, ನಿನ್ನಿಷ್ಟ ಕಣಮ್ಮಿ. ಬ್ಯಾಡ ಅಂದ್ರೆ ಬ್ಯಾಡ ಅಂತ ನಾನೇ ಯೋಳ್ತೀನಿ. ಆದ್ರ ನಾನು ಯೋಳ್ಬುಟ್ಟು ಊರ್ಗ ಓಯ್ತೀನಿ. ಇಲ್ಲಿ ಇರಾಳು ನೀನು" ಎಂದ. ಅವನ ಕಣ್ಣು ತುಂಬಿತ್ತು. ನನಗೆ ಇಂಥ ಕಲಿಕೆ ಕೊಟ್ಟು ಇಂಥ ಮನೆಗೆ ಕೊಟ್ಟದ್ದಕ್ಕೆ ಅವನ ಮೇಲೆ ಸಿಟ್ಟಿತ್ತು. ಅವತ್ತು ಆ ಸಿಟ್ಟು ಹೋಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: "ಸಹಿ ಹಾಕ್ತೀನಿ. ಗುಂಡ್ಲುಪೇಟೆ ತನ್ಕ ಗಾಡಿ ನಾನೇ ಓಡಿಸ್ಬೇಕು."

ಮಾವನವರು ಎದ್ದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು. ಆ ಮನೆಯಲ್ಲಿ ಅವರು ಮಾವನವರ ಎದುರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಓಡಿಸ್ಲಿ ಬುಡಿ ಒಂದ್ಸಲ. ಮೂರು ವರ್ಸದಿಂದ ಆ ಗಾಡಿ ಸಾಕಿರಾಳು ಅವ್ಳೇಯ. ನಾನು ಕಣ್ಣಾರ ಕಂಡಿವ್ನಿ."

ಮಾವನವರು ಅತ್ತೆಯನ್ನು, ಆಮೇಲೆ ಮಗನನ್ನು ನೋಡಿದರು. ಮಗ ನೆಲ ನೋಡಿದರು. ಮಾವನವರು ಪೂಜೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನಾನು ಶೆಡ್ಡಿನಿಂದ ಕಾರನ್ನು ಹಿಂದಕ್ಕೆ ತೆಗೆದೆ. ಯಜಮಾನರು ಪಕ್ಕದಲ್ಲಿ ಕೂತರು. ಟಾಪು ಮಡಚಿಟ್ಟೆ. ಬೀದಿಯ ಬಾಗಿಲುಗಳಲ್ಲೆಲ್ಲ ಮುಖಗಳು. ಊರು ದಾಟಿದ ಮೇಲೆ ಹುರುಳಿ ಹೊಲಗಳು, ಕಪ್ಪು ಮಣ್ಣು, ಎದುರಿಗೆ ದೂರದಲ್ಲಿ ಬೆಟ್ಟ. ಗಾಡಿ ಹೂವಿನ ಹಾಗೆ ಓಡಿತು. ತೆರಕಣಾಂಬಿಯಲ್ಲಿ ಬಸ್ಸಿಗೆ ಕಾದಿದ್ದ ಒಬ್ಬ ಮುದುಕ ನನ್ನನ್ನು ಗುರುತು ಹಿಡಿದು, "ಲಾರಿಯವ್ನ ಮಗ್ಳು ಕಣ್ಲಾ ಅದು!" ಎಂದು ಪಕ್ಕದವನಿಗೆ ಕೂಗಿ ಹೇಳಿದ. ನಾನು ಹಾರ್ನ್ ಒತ್ತಿದೆ. ಆ ಇಪ್ಪತ್ತು ಚಿಲ್ಲರೆ ಮೈಲಿಯಲ್ಲಿ ಒಂದು ಸಲವೂ ಗಾಡಿ ಕೆಮ್ಮಲಿಲ್ಲ. ಕೆಮ್ಮಲಿ, ಸ್ವಲ್ಪ ತಡವಾಗಲಿ ಎಂದು ಕೊನೆಕೊನೆಗೆ ಬಯಸಿದೆ.

ಗುಂಡ್ಲುಪೇಟೆಯಲ್ಲಿ ಎಸ್ಟೇಟಿನ ಯುವಕ ಬಾನೆಟ್ ತೆಗೆದು ನೋಡಿ ಬೆರಗಾದ. "ಇಷ್ಟು ಚೆನ್ನಾಗಿ ಇಟ್ಟಿದ್ದೀರಲ್ಲ ಸಾರ್! ಈ ಎರಡು ಕಾರ್ಬುರೇಟರನ್ನ ಹೆಂಗೆ ಸಮ ಮಾಡ್ತೀರಿ?" ಎಂದು ನನ್ನ ಯಜಮಾನರನ್ನು ಕೇಳಿದ.

ಅವರು ಬಾನೆಟ್ಟಿನ ಮೇಲಿಂದ ಕೈ ತೆಗೆದರು. ಆಮೇಲೆ, "ನಂಗೊತ್ತಿಲ್ಲ. ಅವ್ಳ ಕೇಳಿ" ಎಂದು ಹೇಳಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತರು.

ನಾನು ರಬ್ಬರ್ ಕೊಳವೆ ತೆಗೆದು ಅವನ ಕಿವಿಗೆ ಕೊಟ್ಟು ತೋರಿಸಿದೆ. ಪಂಪಿನ ವಿಷಯ, ಬಾಗಿಲಿನ ವಿಷಯ, ಗೆದ್ದಲು ಎಲ್ಲೆಲ್ಲಿ ತಿಂದಿದೆ ಎನ್ನುವುದು, ಯಾವುದನ್ನೂ ಮುಚ್ಚಿಡದೆ ಹೇಳಿದೆ. ಒಂದು ಗಂಟೆಯಾದರೂ ಆಗಿರಬೇಕು. ಅಷ್ಟು ಹೊತ್ತು ಹಗಲಿನಲ್ಲಿ, ನಡುಬೀದಿಯಲ್ಲಿ, ಕೈ ಕಪ್ಪು ಮಾಡಿಕೊಂಡು ಮಾತಾಡಿದ್ದು ಅದೇ ಮೊದಲು. ಸಹಿ ಹಾಕಿದ ಕಾಗದದ ಮೇಲೆ ನನ್ನ ಹೆಬ್ಬೆರಳಿನ ಎಣ್ಣೆಯ ಗುರುತು ಮೂಡಿತು.

ವಾಪಸು ಬಸ್ಸಿನಲ್ಲಿ ಬಂದೆವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಮನೆಗೆ ಬಂದ ಮೇಲೆ ಅವರು, "ಚೆಂದಾಗಿ ಓಡಿಸ್ತೀಯ" ಎಂದರು. ಆ ವಿಷಯವಾಗಿ ಅವರು ಆಡಿದ ಮಾತು ಅಷ್ಟೇ. ಆಮೇಲೆ ಅವರ ಕೋಪ ಇಳಿಯಿತು, ನಮ್ಮ ಸಂಸಾರ ನಡೆಯಿತು, ಮಕ್ಕಳಾದರು.

ನಾಲ್ಕು ಬಾಗಿಲಿನ ದೊಡ್ಡ ಕಾರು ಬಂತು. ಅದಕ್ಕೊಬ್ಬ ಡ್ರೈವರ್. ಹಿಂದಿನ ಗಾಜುಗಳಿಗೆ ಅತ್ತೆ ಮತ್ತು ನಾನು ಕೂರುವ ಕಡೆ ಮಾವನವರು ಪರದೆ ಹಾಕಿಸಿದರು. ಅದು ಬಹಳ ಒಳ್ಳೆಯ ಕಾರು, ಎಲ್ಲೂ ನಿಲ್ಲುತ್ತಿರಲಿಲ್ಲ. ಅದರ ಬಾನೆಟ್ಟಿನ ಒಳಗೆ ಏನಿದೆ ಎಂದು ನೋಡಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ನಾನೂ ನೋಡಲಿಲ್ಲ.