ತುಟಿ ಬಿಚ್ಚದ ಎರಡು ಗಂಟೆ

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಸುಳಿವಪ್ಪ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅದನ್ನು ಕೂಗಿದಾಗ ಅವನೇ ಒಮ್ಮೆ ಹಿಂದೆ ತಿರುಗಿ ನೋಡಿ, ಆಮೇಲೆ ನೆನಪಾಗಿ ಕೈ ಎತ್ತುತ್ತಿದ್ದ.

ಅಡ್ಡಹೆಸರು ಬಂದದ್ದು ನ್ಯಾಯವಾಗಿಯೇ. ಅವನಿಗೆ ಕಂಪ್ಯೂಟರಿನ ಸಾಹಸದ ಆಟಗಳ ಹುಚ್ಚು. ಸಾಹಸ ಎಂದ ಕೂಡಲೇ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದುಕೊಳ್ಳಬಾರದು. ಅಂಥ ಆಟ ಆಡುವವರನ್ನು ಅವನು ಕರುಣೆಯಿಂದ ನೋಡುತ್ತಿದ್ದ. ಅವನ ಆಟಗಳಲ್ಲಿ ಪರದೆಯ ಮೇಲೆ ಒಂದು ಮುಚ್ಚಿದ ಬಾಗಿಲಿರುತ್ತದೆ. ಬಾಗಿಲ ಪಕ್ಕ ಒಂದು ಹೂಜಿ, ಹೂಜಿಯ ಪಕ್ಕ ಒಬ್ಬ ಮುಂಗೋಪಿ ಮುದುಕ. ಮುದುಕನನ್ನು ಮಾತಾಡಿಸಿ, ಹೂಜಿಯನ್ನು ಎತ್ತಿ, ತಿರುಗಿಸಿ, ಅಲ್ಲಾಡಿಸಿ, ಸುಳಿವು ಹುಡುಕಿ ಹೇಗೋ ಬಾಗಿಲು ತೆಗೆಸಬೇಕು. ಒಂದು ಬಾಗಿಲಿಗೆ ಮೂರು ದಿನ ಹಿಡಿದರೂ ಅವನಿಗೆ ಬೇಸರವಿಲ್ಲ. ಬಾಗಿಲು ತೆರೆದಾಗ ಒಳಗೆ ಇನ್ನೊಂದು ಬಾಗಿಲಿದ್ದರೆ ಹಬ್ಬ.

ಇಂಥ ಆಟಗಳಲ್ಲಿ ಕಂಡದ್ದನ್ನೆಲ್ಲ ಜೋಳಿಗೆಗೆ ಹಾಕಿಕೊಳ್ಳಬೇಕು, ಯಾವುದು ಯಾವಾಗ ಬೇಕಾಗುತ್ತದೋ ಗೊತ್ತಿಲ್ಲ. ಆ ಅಭ್ಯಾಸ ಪರದೆಯಿಂದ ಇಳಿದು ಪ್ಯಾಂಟಿನ ಜೇಬಿಗೂ ಬಂದಿತ್ತು. ಸೈಕಲ್ಲಿನ ಬೆಲ್ಲಿನ ಮುಚ್ಚಳ, ಅರ್ಧ ಬಾಚಣಿಗೆ, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಬೀಗದಕೈಗಳು ಎಲ್ಲವೂ ಅಲ್ಲಿದ್ದವು. ನಡೆದರೆ ಪಾತ್ರೆ ಅಂಗಡಿ ಬರುತ್ತಿದೆಯೋ ಎನಿಸುತ್ತಿತ್ತು. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಅವನು ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಫೀಸಿನ ಗುಮಾಸ್ತರ ಬಳಿ ಅರ್ಜಿ ಕೇಳಲು ಹೋದರೆ, ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಒಂದೂ ಬಿಡದೆ ಕೇಳಿ, ಕೊನೆಗೆ ಮೊದಲನೆಯದನ್ನೇ ಮತ್ತೆ ಕೇಳುತ್ತಿದ್ದ. ಎರಡನೆಯ ಸಲ ಉತ್ತರ ಬದಲಾಗುವುದುಂಟು ಎಂದು ಅವನ ನಂಬಿಕೆ. ಬದಲಾಗುತ್ತಿತ್ತು ಕೂಡ. ಎರಡನೆಯ ಸಲ ಗುಮಾಸ್ತರು ಬೈಯುತ್ತಿದ್ದರು.

ಇದೆಲ್ಲ ಸಹಿಸಬಹುದಾದದ್ದು. ಸಹಿಸಲಾಗದ್ದು ಅವನ ಭಾಷಣ. ಕಥೆ ಹೇಳುವ ಕಲೆ ಇನ್ನು ಮುಂದೆ ಪುಸ್ತಕದಲ್ಲಿಲ್ಲ, ಆಟದಲ್ಲಿದೆ, ಓದುಗ ಸತ್ತ, ಆಟಗಾರ ಹುಟ್ಟಿದ ಎಂದು ಶುರುಮಾಡಿದರೆ ಕ್ಯಾಂಟೀನಿನಲ್ಲಿ ಕುರ್ಚಿಗಳು ತಾವಾಗಿಯೇ ಖಾಲಿಯಾಗುತ್ತಿದ್ದವು. ಈ ವಿಷಯದ ಮೇಲೆ ಅವನು ಅರವತ್ತನಾಲ್ಕು ಪುಟ ಬರೆದಿದ್ದ. ಕೊನೆಯ ವರ್ಷದ ಯೋಜನೆಯಾಗಿ ಒಂದು ಆಟವನ್ನೂ ಮಾಡಿದ್ದ.

ಆಟ ಇಷ್ಟು: ಸಮುದ್ರದ ನಡುವಿನ ಬಂಡೆಯ ಮೇಲೆ ಒಂದು ದೀಪಸ್ತಂಭ. ದೀಪ ಆರಿದೆ. ದೂರದಲ್ಲಿ ಹಡಗು ಬರುತ್ತಿದೆ. ಮೆಟ್ಟಿಲಿನ ಬಾಗಿಲಿಗೆ ಬೀಗ, ಬೀಗದಕೈ ಕಾವಲುಗಾರನ ಸೊಂಟದಲ್ಲಿ, ಕಾವಲುಗಾರ ನಿದ್ದೆಯಲ್ಲಿ. ಅಂಗಳದ ಕೋಳಿಯ ಪುಕ್ಕ ತಂದು ಅವನ ಮೂಗಿಗೆ ಕಚಗುಳಿಯಿಟ್ಟರೆ ಸೀನುತ್ತಾನೆ, ಸೀನಿದ ರಭಸಕ್ಕೆ ಬೀಗದಕೈ ಕೆಳಗೆ ಬೀಳುತ್ತದೆ. ಮೇಲೆ ಹೋಗಿ ದೀಪ ಹಚ್ಚಿದರೆ ಮುಕ್ತಾಯ. ಬೇರೆ ಏನು ಮಾಡಲು ಹೋದರೂ ಆಟ ಒಂದೇ ಮಾತು ಹೇಳುತ್ತದೆ: ‘ಅದು ಈಗ ಸಾಧ್ಯವಿಲ್ಲ.’

ಚಿತ್ರ ಬರೆದುಕೊಟ್ಟ ಸಹಪಾಠಿ ಮೊದಲೇ ಹೇಳಿದ್ದ, “ಲೋ ಸುಳಿವಪ್ಪ, ನಿನ್ನ ಆಟದಲ್ಲಿ ಎಲ್ಲರೂ ನಿನ್ನ ಥರಾನೇ ಮಾತಾಡ್ತಾರಲ್ಲೋ. ಆ ಕೋಳಿ ಕೂಡ ಭಾಷಣ ಬಿಗಿಯುತ್ತೆ.”

“ಅದು ಶೈಲಿ ಕಣೋ,” ಎಂದಿದ್ದ ಸುಳಿವಪ್ಪ.

ಯೋಜನೆ ನೋಡಿಕೊಳ್ಳುವ ಮೇಡಂಗೆ ಶೈಲಿಯ ಮೇಲೆ ಅಂಥ ಗೌರವವಿರಲಿಲ್ಲ. ಅವರದ್ದು ಒಂದೇ ಪರೀಕ್ಷೆ. ಐವತ್ತು ದಾಟಿದ, ಜನ್ಮದಲ್ಲಿ ಕಂಪ್ಯೂಟರ್ ಆಟ ಆಡದ ಒಬ್ಬರು ಎರಡು ಗಂಟೆಯೊಳಗೆ ಆಟ ಮುಗಿಸಬೇಕು. ಮಾಡಿದವನು ಹಿಂದೆ ಕೂತು, ಆಟಗಾರ ಮಾಡಿದ್ದನ್ನೂ ಆಡಿದ್ದನ್ನೂ ಬರೆದುಕೊಳ್ಳಬೇಕು. ತುಟಿ ಬಿಚ್ಚಬಾರದು, ಸನ್ನೆ ಮಾಡಬಾರದು.

“ನಿನ್ನ ಆಟ ಮಾತಾಡ್ಬೇಕು, ನೀನಲ್ಲ,” ಎಂದಿದ್ದರು ಮೇಡಂ. “ಮೂರು ಅವಕಾಶ. ಮೂರೂ ಹೋದ್ರೆ ಇನ್ನೊಂದು ವರ್ಷ ಇಲ್ಲೇ ಇರು. ನಂಗೇನೂ ಬೇಜಾರಿಲ್ಲ, ಸಹಪಾಠಿಗಳ ಕಥೆ ನೋಡು.”

ಎರಡು ಆಗಲೇ ಹೋಗಿದ್ದವು. ಮೊದಲನೆಯವರು ನೆರೆಮನೆಯ ನಿವೃತ್ತ ಪೋಸ್ಟ್‌ಮ್ಯಾನ್. ಕಾವಲುಗಾರನನ್ನು ನೋಡುತ್ತ ನೋಡುತ್ತ ಅವರಿಗೂ ಜೊಂಪು ಹತ್ತಿ, ಎರಡು ಗಂಟೆ ಇಬ್ಬರೂ ಎದುರುಬದುರು ನಿದ್ದೆಮಾಡಿದರು. ಎರಡನೆಯವರು ಗ್ರಂಥಾಲಯದ ಗುಮಾಸ್ತರು. ಹತ್ತನೆಯ ನಿಮಿಷದಲ್ಲೇ ಸುಳಿವಪ್ಪನ ತಾಳ್ಮೆ ಹರಿದು “ಕೋಳಿ ಸಾರ್, ಕೋಳಿ!” ಎಂದು ಕಿರುಚಿದ. ಪರೀಕ್ಷೆ ಅಲ್ಲಿಗೆ ರದ್ದು. ಗುಮಾಸ್ತರಿಗೆ ಮಾತ್ರ ಅದು ತಮಗೆ ಅಂದ ಮಾತು ಎಂಬ ಸಂಶಯ ಇನ್ನೂ ಹೋಗಿಲ್ಲ.

ಉಳಿದವಳು ಚಿಕ್ಕಮ್ಮ, ತಾಯಿಯ ತಂಗಿ. ಕಾಲೇಜಿಗೆ ಹತ್ತಿರವೆಂದು ಅವನು ಇದ್ದದ್ದು ಅವಳ ಮನೆಯಲ್ಲೇ. ಮುಂದಿನ ಕೋಣೆ ಅವಳ ಹೊಲಿಗೆ ಅಂಗಡಿ: ಎರಡು ಮಿಷಿನ್ನು, ಸೀಮೆಸುಣ್ಣದ ಗೆರೆಗಳು ತುಂಬಿದ ಒಂದು ಉದ್ದ ಮೇಜು, ತಲೆಯಿಲ್ಲದ ಒಂದು ಮರದ ಬೊಂಬೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಮೇಜಿನ ಮೇಲಿನ ಬಟ್ಟೆ ಸರಿಸಿ ಕಂಪ್ಯೂಟರ್ ಇಟ್ಟರು.

“ನಿಂಗೆ ಸುಮ್ನಿರೋಕೆ ಬರಲ್ಲ,” ಎಂದಳು ಚಿಕ್ಕಮ್ಮ. “ತಗೋ, ನಾಲ್ಕು ಗುಂಡುಸೂಜಿ. ತುಟಿ ಮಧ್ಯೆ ಕಚ್ಚಿಕೋ. ಗಿರಾಕಿಗಳ ಹತ್ರ ಜಗಳ ಬರೋ ಹಾಗಿದ್ರೆ ನಾನು ಹಾಗೇ ಮಾಡೋದು.”

“ನುಂಗಿದ್ರೆ?”

“ನುಂಗಿದ್ರೆ ಪಾಸು ಫೇಲಿನ ಚಿಂತೆನೇ ಇರಲ್ಲ ಬಿಡು.”

ಹೀಗೆ ಸುಳಿವಪ್ಪ ಬಾಯಲ್ಲಿ ಸೂಜಿ, ಕೈಯಲ್ಲಿ ನೋಟುಪುಸ್ತಕ ಹಿಡಿದು ಬೊಂಬೆಯ ಪಕ್ಕ ಕೂತ. ಚಿಕ್ಕಮ್ಮ ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಒತ್ತಿ ಹಿಡಿದು, ಮೇಜನ್ನೇ ಒಂದೆರಡು ಸಲ ಮಡಿಕೆ ಬೀಳದಂತೆ ಸವರಿ, ಕೊನೆಗೆ ಬಾಣದ ಗುರುತನ್ನು ಕಾವಲುಗಾರನ ಮೇಲೆ ತಂದಳು.

“ಏಳಪ್ಪಾ, ಹಡಗು ಬರ್ತಾ ಇದೆ.” ಒತ್ತಿದಳು.

‘ಅದು ಈಗ ಸಾಧ್ಯವಿಲ್ಲ.’

“ಯಾಕೆ ಸಾಧ್ಯ ಇಲ್ಲ? ಕಿವುಡನಾ?” ಬಾಗಿಲು ಬಡಿದಳು, ಸಾಧ್ಯವಿಲ್ಲ. ಹಡಗಿನ ಕಡೆ ಕೈಬೀಸಲು ನೋಡಿದಳು, ಅದೂ ಸಾಧ್ಯವಿಲ್ಲ. “ಹಡಗು ಬಂಡೆಗೆ ಬಡಿಯೋ ಹೊತ್ತಲ್ಲಿ ಇವನಿಗೆ ಇನ್ನೊಂದು ಮಾತು ಬರಲ್ವಲ್ಲೋ! ನಮ್ಮ ವಿದ್ಯುತ್ ಕಚೇರಿಯವರೇ ವಾಸಿ, ನಾಳೆ ಬನ್ನಿ ಅಂತಾದ್ರೂ ಅಂತಾರೆ.”

ಸುಳಿವಪ್ಪ ಬರೆದುಕೊಂಡ. ಸೂಜಿಗಳು ಸ್ವಲ್ಪ ನಡುಗಿದವು.

ಕೋಳಿಯನ್ನು ಒತ್ತಿದಾಗ ಅದು ಒಂಟಿತನದ ಬಗ್ಗೆ ಹನ್ನೆರಡು ಸಾಲು ಮಾತಾಡಿ ಒಂದು ಪುಕ್ಕ ಉದುರಿಸಿತು. “ಇದಕ್ಕೆ ಯಾರೂ ಕಾಳು ಹಾಕಿಲ್ಲ ಅಂತ ಕಾಣುತ್ತೆ, ತಲೆಗೆ ಹೋಗಿದೆ,” ಎನ್ನುತ್ತ ಚಿಕ್ಕಮ್ಮ ಪುಕ್ಕವನ್ನು ಚೀಲಕ್ಕೆ ಹಾಕಿ ಮರೆತಳು. ದೋಣಿಯಲ್ಲಿ ಒಂದು ಕಂಬಳಿ ಸಿಕ್ಕಿತು. ಅದನ್ನು ಸುಳಿವಪ್ಪ ಇಟ್ಟದ್ದು ಆಟಗಾರರ ದಾರಿ ತಪ್ಪಿಸಲೆಂದೇ, ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಚಿಕ್ಕಮ್ಮ ಅದನ್ನು ನೇರವಾಗಿ ತಂದು ಕಾವಲುಗಾರನ ಮೇಲೆ ಹೊದಿಸಲು ಹೋದಳು.

‘ಅದು ಈಗ ಸಾಧ್ಯವಿಲ್ಲ.’

ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಇನ್ನೊಮ್ಮೆ ಹೊದಿಸಿದಳು. ಮತ್ತೊಮ್ಮೆ. ಐದು ಸಲ.

“ಸಮುದ್ರದ ಗಾಳಿಗೆ ಬರೀ ಅಂಗಿಲಿ ಮಲಗಿದಾನೆ,” ಎಂದಳು, ಆಟಕ್ಕಲ್ಲ, ಮರದ ಬೊಂಬೆಗೆ. “ಕಂಬಳಿ ಇದೆ. ಹೊದಿಸೋಕೆ ಬಿಡಲ್ಲ. ಇದನ್ನ ಬರೆದೋನು ಎಂಥೋನೋ.”

ಬರೆದವನು ಮೂರು ಅಡಿ ದೂರದಲ್ಲಿ ತಲೆ ತಗ್ಗಿಸಿ ಅದನ್ನೂ ಬರೆದುಕೊಂಡ. ಅರವತ್ತನಾಲ್ಕು ಪುಟಗಳಲ್ಲಿ ಆಟಗಾರನ ಸ್ವಾತಂತ್ರ್ಯದ ಬಗ್ಗೆಯೇ ಇಪ್ಪತ್ತು ಪುಟವಿತ್ತು. ಚಳಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾಲ್ಕೂ ಕಾಲಿಗೆ ಅಂಗಡಿಯ ಬಾಗಿಲು ಬಡಿದ ಸದ್ದಾಯಿತು. ಬ್ಯಾಂಡಿನಲ್ಲಿ ತುತ್ತೂರಿ ಊದುವವರು, ಕೈಯಲ್ಲಿ ಕೆಂಪು ಕೋಟು. “ಊದಿದಾಗೆಲ್ಲ ಎದೆ ಮೇಲಿನ ಗುಂಡಿ ಹಾರಿಹೋಗುತ್ತೆ ಅಕ್ಕಾ. ನಿನ್ನೆ ಹಾರಿದ್ದು ನಮ್ಮ ಡೋಲಿನವನ ಹಣೆಗೆ ಬಡಿಯಿತು.”

“ಒಳಗೆ ಬನ್ನಿ, ಕನ್ನಡಿ ಹತ್ರ. ತುತ್ತೂರಿ ಇಲ್ದಿದ್ರೂ ಪರವಾಗಿಲ್ಲ, ಊದಿದ ಹಾಗೆ ಉಸಿರು ಎಳ್ಕೊಂಡು ನಿಲ್ಲಿ, ಅಳತೆ ತಗೋತೀನಿ,” ಎನ್ನುತ್ತ ಚಿಕ್ಕಮ್ಮ ಟೇಪು ಹಿಡಿದು ಪಕ್ಕದ ಕೋಣೆಗೆ ನಡೆದಳು.

ಸುಳಿವಪ್ಪ ಮೇಡಂ ಕೊಟ್ಟ ನಿಯಮದ ಹಾಳೆಯನ್ನು ಜೇಬಿನಿಂದ ಎಳೆದ. ಅದರ ಜೊತೆ ಬಾಚಣಿಗೆಯೂ ಬಂತು. ಏಳನೆಯ ನಿಯಮ: ಆಟಗಾರರು ಎದ್ದು ಹೋದಾಗ ಆಟವನ್ನು ತಿದ್ದಬಹುದು, ತಿದ್ದಿದ್ದನ್ನು ಬರೆದಿಡಬೇಕು, ಗಡಿಯಾರ ನಿಲ್ಲುವುದಿಲ್ಲ.

ಅವನು ಮೇಜಿಗೆ ಹಾರಿದ. ಕಂಬಳಿ ಹೊದಿಸಿದರೆ ಕಾವಲುಗಾರ ಎಚ್ಚರಗೊಳ್ಳಬೇಕು. ಎಚ್ಚರಗೊಂಡು ಮಾತಾಡಬೇಕು. ಅಭ್ಯಾಸಬಲದಿಂದ ಸಮುದ್ರ, ಕತ್ತಲು, ಮನುಷ್ಯನ ಬದುಕು ಎಂದು ಹದಿನಾಲ್ಕು ಸಾಲು ಬಂದುಬಿಟ್ಟವು. ಪಕ್ಕದ ಕೋಣೆಯಿಂದ “ಹಾಂ, ಈಗ ಉಸಿರು ಬಿಡಿ” ಎಂಬ ದನಿ ಕೇಳಿಸಿತು. ಉಸಿರು ಬಿಟ್ಟರೆಂದರೆ ಅಳತೆ ಮುಗಿದಂತೆ. ಅವನು ಹದಿನಾಲ್ಕೂ ಸಾಲು ಅಳಿಸಿ, ಎರಡೇ ಎರಡು ಬರೆದ: ‘ಅಯ್ಯೋ, ನಿದ್ದೆ ಹತ್ತಿಬಿಟ್ಟಿತ್ತು. ತಗೋಮ್ಮ ಬೀಗದಕೈ.’ ಕೊಡಲು ಸುಲಭವಾಗಲೆಂದು ಬೀಗದಕೈಯನ್ನು ಸೊಂಟದಿಂದ ತೆಗೆದು ಅಂಗಿಯ ಒಳಜೇಬಿಗೆ ಹಾಕಿದ. ಆಟವನ್ನು ಬಿಟ್ಟಲ್ಲಿಗೇ ತಂದು ನಿಲ್ಲಿಸಿದ. ತಿದ್ದಿದ್ದನ್ನು ಪುಸ್ತಕದಲ್ಲಿ ಗೀಚಿ, ಸೂಜಿ ಕಚ್ಚಿಕೊಂಡು ಕೂತ.

ಚಿಕ್ಕಮ್ಮ ಬಂದಾಗ ನಾಲ್ಕೂ ಮುಕ್ಕಾಲು. ಬಂದವಳ ಮುಖದಲ್ಲಿ ಹೊಸ ಕಳೆ.

“ಅಳತೆ ತಗೋತಾ ಯೋಚನೆ ಮಾಡಿದೆ. ನಾನು ನನ್ನ ಬುದ್ಧಿಲಿ ಆಡ್ತಾ ಇದೀನಿ, ಅದೇ ತಪ್ಪು. ಇದನ್ನ ಮಾಡಿರೋದು ನೀನು, ನಿನ್ನ ಬುದ್ಧಿಲಿ ಆಡ್ಬೇಕು. ಚಿಕ್ಕವನಿದ್ದಾಗ ನೀನು ಏನು ಮಾಡ್ತಿದ್ದೆ? ನಿಮ್ಮ ಚಿಕ್ಕಪ್ಪ ಮಧ್ಯಾಹ್ನ ಮಲಗಿದ್ರೆ ಮಿಷಿನ್ನಿನ ದಾರ ತಂದು ಮೂಗಿಗೆ ಬಿಡ್ತಿದ್ದೆ! ಇಲ್ಲಿ ದಾರ ಇಲ್ಲ. ಪುಕ್ಕ ಇದೆ.”

ಸುಳಿವಪ್ಪನಿಗೆ ಜೀವ ಬಂದಂತಾಯಿತು. ಹೇಗೂ ಆಗಲಿ, ದಾರಿ ಸಿಕ್ಕಿತಲ್ಲ! ಅವಳು ಪುಕ್ಕವನ್ನು ಕಾವಲುಗಾರನ ಮೂಗಿಗೆ ತಾಗಿಸಿದಳು. ಅವನು ಕೋಣೆ ನಡುಗುವಂತೆ ಸೀನಿದ.

ಏನೂ ಬೀಳಲಿಲ್ಲ.

ಬೀಳುವುದಾದರೂ ಹೇಗೆ? ಸೊಂಟದಲ್ಲಿ ಬೀಗದಕೈ ಇರಲೇ ಇಲ್ಲ, ಒಳಜೇಬಿನಲ್ಲಿ ಭದ್ರವಾಗಿತ್ತು. ಒಂದು ಬಾಗಿಲು ತೆರೆಯಲು ಹೋಗಿ ಇನ್ನೊಂದಕ್ಕೆ ತಾನೇ ಬೀಗ ಜಡಿದಿದ್ದ ಸುಳಿವಪ್ಪ ಎದ್ದೇಬಿಟ್ಟ. ಸೂಜಿಯೊಂದು ತುಟಿಗೆ ಚುಚ್ಚಿತು. ಮತ್ತೆ ಕೂತ. ‘ಕಂಬಳಿ’ ಎಂಬ ಮೂರಕ್ಷರ ಹಲ್ಲಿನ ಹಿಂದೆ ಬಂದು ನಿಂತು ಬಾಗಿಲು ಬಡಿಯುತ್ತಿತ್ತು.

ಚಿಕ್ಕಮ್ಮ ಮತ್ತೆ ಕಚಗುಳಿಯಿಟ್ಟಳು. ಮತ್ತೆ ಸೀನು. ಏಳು ಸಲ ಸೀನಿದ ಕಾವಲುಗಾರ. ನಾಲ್ಕೂ ಐವತ್ತಮೂರು.

“ಆಗಲ್ಲ ಮಗನೇ,” ಎಂದು ಅವಳು ಮೌಸಿನಿಂದ ಕೈ ತೆಗೆದಳು. ದನಿ ಇಳಿದಿತ್ತು. “ನಿನ್ನ ಒಂದು ವರ್ಷ ನನ್ನ ಕೈಯಲ್ಲಿ ಹಾಳಾಯ್ತು. ಬೇಕಾದ್ರೆ ಮುಗಿಸಿದೆ ಅಂತ ಬರ್ಕೋ, ನಾನು ಯಾರಿಗೂ ಹೇಳಲ್ಲ.”

ಸುಳಿವಪ್ಪ ಪೆನ್ನು ನೋಡಿದ. ಪುಸ್ತಕ ನೋಡಿದ. ಒಂದು ಸಾಲು ಸಾಕಿತ್ತು, ಸಾಕ್ಷಿಗೆ ತಲೆಯಿಲ್ಲದ ಬೊಂಬೆ ಮಾತ್ರ. ಅವನು ‘ಮುಗಿಸಿದೆ ಅಂತ ಬರ್ಕೋ ಎಂದರು’ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ಬೇಡವೆಂದು ತಲೆಯಾಡಿಸಿದ. ಅದು ಸನ್ನೆಯಾಯಿತೇ ಎಂದು ಮರುಕ್ಷಣ ಹೆದರಿ ಕಲ್ಲಾಗಿ ಕೂತ.

ಚಿಕ್ಕಮ್ಮ ಏಳಲು ಮೇಜಿಗೆ ಕೈಯೂರಿದಳು. ಏಳುತ್ತ ಪರದೆಯನ್ನು ನೋಡಿದಳು. ಏಳು ಸಲ ಸೀನಿದ ಮನುಷ್ಯ ಮುದುರಿಕೊಂಡು ಮಲಗಿದ್ದ.

“ನೆಗಡಿನೇ ಬರಿಸಿಬಿಟ್ನಲ್ಲೋ ನಾನು,” ಎಂದು ಗೊಣಗಿ, ನಿಂತಲ್ಲಿಂದಲೇ ಕಂಬಳಿಯನ್ನು ಎಳೆದು ಅವನ ಮೇಲೆ ಬಿಟ್ಟಳು. ಅದು ಆಟ ಆಡುವವಳ ಕೈಯಾಗಿರಲಿಲ್ಲ, ಕೋಣೆ ಬಿಡುವ ಮುಂಚೆ ದೀಪ ಆರಿಸುವವಳ ಕೈ.

ಕಂಬಳಿ ಈ ಸಲ ಅವನ ಮೈಮೇಲೆ ಹರಡಿಕೊಂಡಿತು. ಕಾವಲುಗಾರ ಒಂದು ಕಣ್ಣು ತೆರೆದ.

‘ಅಯ್ಯೋ, ನಿದ್ದೆ ಹತ್ತಿಬಿಟ್ಟಿತ್ತು. ತಗೋಮ್ಮ ಬೀಗದಕೈ.’

“ಬಾಯಿ ಬಂತು!” ಚಿಕ್ಕಮ್ಮ ಕುರ್ಚಿಗೆ ಕುಸಿದಳು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಬೀಗ, ಬಾಗಿಲು, ಮೆಟ್ಟಿಲು, ದೀಪ. ದೀಪ ಹತ್ತಿದ ಕೂಡಲೇ ಸುಳಿವಪ್ಪ ಮೂರು ತಿಂಗಳು ಕೂತು ಬರೆದಿದ್ದ ಸಮಾರೋಪ ಶುರುವಾಯಿತು: ಬೆಳಕು ಎಂದರೇನು, ದಾರಿ ಎಂದರೇನು, ನಲವತ್ತು ಸಾಲು. ಚಿಕ್ಕಮ್ಮ ಮೊದಲ ಸಾಲಿನ ಮೊದಲ ಪದ ಓದಿದಳು. ಉಳಿದದ್ದನ್ನು ಮಿಷಿನ್ನಿನಲ್ಲಿ ಅಂಚು ಹೊಲಿಯುವ ವೇಗದಲ್ಲಿ ಟಕಟಕ ಒತ್ತಿ ಹಿಂದೆ ಹಾಕಿದಳು. ಓದು ಎನ್ನುವಂತಿಲ್ಲ, ನಿಲ್ಲಿಸು ಎನ್ನುವಂತಿಲ್ಲ. ಮೂರು ತಿಂಗಳು ಒಂಬತ್ತು ಸೆಕೆಂಡಿನಲ್ಲಿ ಹೋಯಿತು.

‘ಮುಕ್ತಾಯ.’ ನಾಲ್ಕೂ ಐವತ್ತೆಂಟು.

ಸುಳಿವಪ್ಪ ಸೂಜಿಗಳನ್ನು ಒಂದೊಂದಾಗಿ ತೆಗೆದು ಚಿಕ್ಕಮ್ಮನ ಪುಟ್ಟ ಸೂಜಿದಿಂಬಿಗೆ ಚುಚ್ಚಿದ. ಎರಡು ಗಂಟೆಯ ಮಾತು ಒಳಗೆ ಸಾಲುಗಟ್ಟಿ ನಿಂತಿತ್ತು. ಬಾಯಿ ತೆರೆದ. ಯಾಕೋ ಅದರಲ್ಲಿ ಒಂದೂ ಮುಂದೆ ಬರಲಿಲ್ಲ.

“ಚಿಕ್ಕಮ್ಮ,” ಎಂದ ಕೊನೆಗೆ, “ಆ ಕಾವಲುಗಾರ ಹೇಗಿದ್ದ?”

ಅವಳು ಆಗಲೇ ಕೆಂಪು ಕೋಟನ್ನು ಮೇಜಿನ ಮೇಲೆ ಹರಡಿ, ಎದೆಯ ಹೊಲಿಗೆ ಬಿಚ್ಚುತ್ತಿದ್ದಳು.

“ಒಳ್ಳೆಯವನು,” ಎಂದಳು. “ಮಾತು ಕಮ್ಮಿ.”